145.8ರಲ್ಲಿ ಹಾಡು ಎಲ್ಲಿಂದ ಬಂತು? ಒಂದು ಮಿಕ್ಸರ್ ಪ್ರಕರಣ

ಅಂತರಿಕ್ಷ ನಿಲ್ದಾಣ ಒಂದು ಕಡೆ ದಿಗಂತದಿಂದ ಎದ್ದು ಇನ್ನೊಂದು ಕಡೆ ಮುಳುಗೋಕೆ ಹೆಚ್ಚು ಅಂದ್ರೆ ಸುಮಾರು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ 145.800 ಮೆಗಾಹರ್ಟ್ಝ್‌ನಲ್ಲಿ ಅಲ್ಲಿಂದ ಬರೋ ಚಿತ್ರಗಳನ್ನ ನಾವೇ ಕಟ್ಟಿದ ರಿಸೀವರಲ್ಲಿ ಹಿಡೀಬೇಕು ಅಂತ ನಾನೂ ನನ್ನ ಗೆಳೆಯನೂ ಎಷ್ಟೋ ವಾರ ಕೂತು ಕೆಲಸ ಮಾಡಿದ್ವಿ. ಒಂದು ಚಿತ್ರ ಪೂರ್ತಿ ಬರೋಕೆ ಸುಮಾರು 2 ನಿಮಿಷ ಬೇಕು, ಗೆರೆ ಗೆರೆಯಾಗಿ ಮೇಲಿಂದ ಕೆಳಗೆ ಇಳೀತಾ ಬರುತ್ತೆ. ಮೊದಲ ಸಲ ಚಿತ್ರ ಬಂತು, ಖುಷಿಯೂ ಆಯ್ತು, ಆದ್ರೆ ಪ್ರತಿ ನಾಲ್ಕೈದು ಗೆರೆಗೆ ಒಂದು ಬಿಳಿ ಗೀರು, ಯಾರೋ ಉಗುರಲ್ಲಿ ಪರಚಿದ ಹಾಗೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಚಟ್, ಚಟ್, ಚಟ್ ಅಂತ ಸದ್ದು. ಸಿಗ್ನಲ್ ಇಲ್ಲದಾಗ್ಲೂ ಇರುತ್ತೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದ ಗೆಳೆಯ "ಇದು ನಾಯ್ಸ್ ಅಲ್ಲ ಕಣೋ, ಇದಕ್ಕೆ ತಾಳ ಇದೆ" ಅಂದ. ಪಕ್ಕದಲ್ಲಿದ್ದ ಮಾಮೂಲಿ ಎಫ್‌ಎಂ ರೇಡಿಯೋ ಆನ್ ಮಾಡಿ ಒಂದೊಂದೇ ಸ್ಟೇಷನ್ ತಿರುಗಿಸ್ತಾ ಹೋದ್ವಿ. 93.6ರಲ್ಲಿ ಬರ್ತಿದ್ದ ಹಾಡಿನ ಡ್ರಮ್ಮಿಗೂ ನಮ್ಮ ಚಟ್ ಚಟ್‌ಗೂ ಏಟಿಗೆ ಏಟು ಸರಿಹೋಯ್ತು.

93.6 ಎಲ್ಲಿ, 145.8 ಎಲ್ಲಿ. ಮಧ್ಯೆ ಐವತ್ತೆರಡು ಮೆಗಾಹರ್ಟ್ಝ್ ಅಂತರ ಇದೆ. ಅಷ್ಟು ದೂರದಿಂದ ಆ ಹಾಡು ನಮ್ಮ ರಿಸೀವರ್ ಒಳಗೆ ಹೇಗೆ ನುಗ್ಗಿತು ಅನ್ನೋದೇ ಈ ಪ್ರಕರಣ, ಉತ್ತರ ಸಿಕ್ಕಿದ್ದು ಮಿಕ್ಸರ್ ಹತ್ರ, ಅಂದ್ರೆ ಬಂದ ಸಿಗ್ನಲ್‌ನ ಬೇರೆ ಫ್ರೀಕ್ವೆನ್ಸಿಗೆ ಇಳಿಸೋ ಭಾಗದ ಹತ್ರ. ನಾವು ತಪ್ಪು ದಾರಿ ಹಿಡಿದಿದ್ದನ್ನೂ ಸೇರಿಸಿ ಪೂರ್ತಿ ಬರೀತಿದ್ದೀನಿ, ಯಾಕಂದ್ರೆ ಆ ತಪ್ಪು ದಾರಿಗಳಲ್ಲೇ ಜಾಸ್ತಿ ಜನ ಸಿಕ್ಕಿಹಾಕ್ಕೊಳ್ಳೋದು.

ಮೊದ್ಲು ರಿಸೀವರ್ ಹೇಗಿತ್ತು ಅಂತ ಹೇಳ್ಬಿಡ್ತೀನಿ. ಆಂಟೆನಾ, ಅದಾದ್ಮೇಲೆ 20 ಡಿಬಿ ಗೇನ್ ಇರೋ, ಅಂದ್ರೆ ಸಿಗ್ನಲ್ ಪವರ್‌ನ ನೂರರಷ್ಟು ಮಾಡೋ ಎಲ್‌ಎನ್‌ಎ (ಕಡಿಮೆ ನಾಯ್ಸ್ ಆಂಪ್ಲಿಫೈಯರ್), ಆಮೇಲೆ ನಾವೇ ಸುತ್ತಿದ ಕಾಯಿಲ್‌ಗಳ ಬ್ಯಾಂಡ್‌ಪಾಸ್ ಫಿಲ್ಟರ್, ಆಮೇಲೆ ನಾಲ್ಕು ಶಾಟ್ಕಿ ಡಯೋಡು ಎರಡು ಟ್ರಾನ್ಸ್‌ಫಾರ್ಮರ್ ಇರೋ ಡಬಲ್ ಬ್ಯಾಲೆನ್ಸ್ಡ್ ಮಿಕ್ಸರ್, ಅದರ ಔಟ್‌ಪುಟ್‌ಗೆ ನೇರವಾಗಿ 10.7 ಮೆಗಾಹರ್ಟ್ಝ್ ಕ್ರಿಸ್ಟಲ್ ಫಿಲ್ಟರ್, ಆಮೇಲೆ ಐಎಫ್ (ಮಿಕ್ಸರ್ ಇಳಿಸಿಕೊಡೋ ಆ 10.7 ಮೆಗಾಹರ್ಟ್ಝ್) ಆಂಪ್ಲಿಫೈಯರ್, ಕೊನೆಗೆ ಎಫ್‌ಎಂ ಡಿಟೆಕ್ಟರ್. ಲೋಕಲ್ ಆಸಿಲೇಟರ್, ಅಂದ್ರೆ ಎಲ್‌ಓ, ಎಸ್‌ಐ5351 ಚಿಪ್ಪಿಂದ 135.1 ಮೆಗಾಹರ್ಟ್ಝ್. 145.8ರಲ್ಲಿ 135.1 ಕಳೆದ್ರೆ 10.7. ಪೇಪರ್ ಮೇಲೆ ಎಲ್ಲಾ ಚೆನ್ನಾಗೇ ಇತ್ತು.

ಮಿಕ್ಸರ್ ಯಾಕೆ ಬೇಕು, ನೇರವಾಗಿ 145.8ನ್ನೇ ಫಿಲ್ಟರ್ ಮಾಡಿ ಆಂಪ್ಲಿಫೈ ಮಾಡ್ಬಾರ್ದಾ ಅಂತ ಹೊಸಬರು ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ. ಲೆಕ್ಕ ನೋಡಿ. ನಮಗೆ ಬೇಕಾಗಿರೋ ಚಾನೆಲ್ ಅಗಲ ಸುಮಾರು 15 ಕಿಲೋಹರ್ಟ್ಝ್. 145.8 ಮೆಗಾಹರ್ಟ್ಝ್‌ನಲ್ಲಿ ಅಷ್ಟು ಸಣ್ಣ ಕಿಂಡಿ ಕೊರೀಬೇಕಂದ್ರೆ ಫಿಲ್ಟರ್‌ನ ಕ್ಯೂ, ಅಂದ್ರೆ ಫ್ರೀಕ್ವೆನ್ಸಿನ ಕಿಂಡಿ ಅಗಲದಿಂದ ಭಾಗಿಸಿದ್ದು, ಹತ್ತಿರ ಹತ್ತಿರ 9,700 ಇರ್ಬೇಕು, ಕೈಯಲ್ಲಿ ಸುತ್ತೋ ಕಾಯಿಲ್‌ಗೆ ನೂರು ಇನ್ನೂರು ಬಂದ್ರೇನೇ ದೊಡ್ಡದು. ಅದೇ ಸಿಗ್ನಲ್‌ನ 10.7ಕ್ಕೆ ಇಳಿಸಿದ್ರೆ 700 ಚಿಲ್ಲರೆ ಸಾಕು, ಕ್ರಿಸ್ಟಲ್‌ಗೆ ಅದು ಸಲೀಸು. ಮೇಲಾಗಿ ಚಾನೆಲ್ ಬದಲಾಯಿಸ್ಬೇಕಂದ್ರೆ ಫಿಲ್ಟರ್ ಮುಟ್ಟೋ ಹಾಗೇ ಇಲ್ಲ, ಎಲ್‌ಓ ಒಂದನ್ನ ಸರಿಸಿದ್ರೆ ಆಯ್ತು. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಸೂಪರ್‌ಹೆಟರೊಡೈನ್ ಅಂತ ಮಾಡಿದ್ದು ಇದನ್ನೇ, ಆ ಐಡಿಯಾ ಇವತ್ತಿಗೂ ಸವೆದಿಲ್ಲ. ಕಳಿಸೋ ಕಡೆ ಇದೇ ಕೆಲಸ ಉಲ್ಟಾ ನಡಿಯುತ್ತೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ತಯಾರಾದ ಮಾತನ್ನೋ ಡೇಟಾನೋ ಮಿಕ್ಸರ್ ಮೇಲಕ್ಕೆ ಎತ್ತಿ ಆಂಟೆನಾಗೆ ಕೊಡುತ್ತೆ. ಮೊಬೈಲ್ ಫೋನು, ವೈಫೈ, ಜಿಪಿಎಸ್, ರೇಡಾರ್, ಯಾವುದನ್ನ ಬಿಚ್ಚಿದ್ರೂ ಆಂಟೆನಾಗೂ ಪ್ರೊಸೆಸರ್‌ಗೂ ಮಧ್ಯೆ ಎಲ್ಲೋ ಒಂದು ಕಡೆ ಈ ಕೆಲಸ ಮಾಡೋದು ಒಂದು ಇದ್ದೇ ಇರುತ್ತೆ.

ಈಗ ಮಿಕ್ಸರ್ ಒಳಗೆ ಆಗೋದು. ಎರಡು ಸಿಗ್ನಲ್‌ನ ಗುಣಿಸಿದ್ರೆ ಅವುಗಳ ಮೊತ್ತ ಒಂದು, ವ್ಯತ್ಯಾಸ ಒಂದು ಸಿಗುತ್ತೆ ಅಂತ ಪಾಠದಲ್ಲಿ ಓದಿರ್ತೀವಿ. ಡಯೋಡ್ ಮಿಕ್ಸರ್ ಗುಣಾಕಾರ ಮಾಡೋದು ಸ್ವಿಚ್ಚಿನ ಥರ: ಎಲ್‌ಓ ಒಂದು ಅರ್ಧ ಸೈಕಲ್‌ನಲ್ಲಿ ಒಂದು ಜೋಡಿ ಡಯೋಡ್ ಆನ್ ಮಾಡುತ್ತೆ, ಇನ್ನೊಂದು ಅರ್ಧದಲ್ಲಿ ಇನ್ನೊಂದು ಜೋಡಿ, ಒಳಗೆ ಬಂದ ಸಿಗ್ನಲ್ ಒಂದು ಸಲ ನೆಟ್ಟಗೆ ಒಂದು ಸಲ ತಲೆಕೆಳಗಾಗಿ ಹೊರಗೆ ಹೋಗ್ತಿರುತ್ತೆ. ಇದು ಆದರ್ಶವಾಗಿ ನಡೆದ್ರೂ 3.9 ಡಿಬಿ ನಷ್ಟ ಇದ್ದಿದ್ದೇ, ನಿಜವಾದ ಡಯೋಡು ಟ್ರಾನ್ಸ್‌ಫಾರ್ಮರ್ ಹಾಕಿದ್ಮೇಲೆ ಆರು ಆರೂವರೆ ಡಿಬಿ ಹೋಗುತ್ತೆ. ಇದ್ರಲ್ಲಿ ತುಂಬಾ ಮುಖ್ಯವಾದ ಮಾತು ಒಂದಿದೆ. ಆ ಸ್ವಿಚ್ಚು ಎಲ್‌ಓ ಕೈಯಲ್ಲಿ ಮಾತ್ರ ಇರ್ಬೇಕು. ಒಳಗೆ ಬರೋ ಸಿಗ್ನಲ್‌ಗೆ ಸ್ವಿಚ್ ಮೇಲೆ ಯಾವ ಅಧಿಕಾರನೂ ಇರ್ಬಾರ್ದು, ಎಳ್ಳಷ್ಟು ಸಿಕ್ಕಿದ್ರೂ ಲೆಕ್ಕ ಕೆಡುತ್ತೆ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಇಲ್ಲಿಗೇ ಬರ್ತೀವಿ.

ಸರಿ, ತನಿಖೆ. ನನಗೆ ಮೊದ್ಲು ಅನುಮಾನ ಬಂದಿದ್ದು ಇಮೇಜ್ ಮೇಲೆ. ಮಿಕ್ಸರ್‌ಗೆ ಎಲ್‌ಓಗಿಂತ 10.7 ಮೇಲಿರೋದೂ ಒಂದೇ, 10.7 ಕೆಳಗಿರೋದೂ ಒಂದೇ, ಎರಡೂ ಐಎಫ್‌ಗೇ ಬಂದು ಬೀಳ್ತವೆ. ನಮ್ಮ ಇಮೇಜ್ 135.1ರಲ್ಲಿ 10.7 ಕಳೆದ್ರೆ ಬರೋ 124.4. ಅದು ವಿಮಾನಗಳ ಬ್ಯಾಂಡು, ಅಲ್ಲಿ ಹಾಡು ಇರಲ್ಲ. ಎಫ್‌ಎಂ ಬ್ಯಾಂಡ್ ಮುಗಿಯೋದೇ 108ಕ್ಕೆ. ಹಾಗಾಗಿ ನೇರವಾದ ಇಮೇಜ್ ಅಲ್ಲ ಅಂತ ಅಲ್ಲಿಗೇ ಬಿಟ್ವಿ.

ಎರಡನೇ ಅನುಮಾನ ಎಲ್‌ಎನ್‌ಎ ಮೇಲೆ, ಈ ಅನುಮಾನಕ್ಕೆ ನಾವು ಒಂದು ವಾರ ಪೂರ್ತಿ ಕೊಟ್ವಿ. ಎಫ್‌ಎಂ ಸ್ಟೇಷನ್‌ಗಳು ಜೋರಾಗಿವೆ, ಎಲ್‌ಎನ್‌ಎ ಮುಂದೆ ಫಿಲ್ಟರ್ ಏನೂ ಇಲ್ಲ, ಅದು ಓವರ್‌ಲೋಡ್ ಆಗಿ ತಾನೇ ಹೊಸ ಫ್ರೀಕ್ವೆನ್ಸಿ ಹುಟ್ಟಿಸ್ತಿದೆ ಅಂತ. ಇನ್ನೊಂದು ಎಲ್‌ಎನ್‌ಎ ತಂದು ಹಾಕಿದ್ವಿ, ಅದೇ ಸದ್ದು. ಬಯಾಸ್ ಕರೆಂಟ್ ಜಾಸ್ತಿ ಮಾಡಿ ನೋಡಿದ್ವಿ, ಅದೇ ಸದ್ದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು. ಆ ವಾರದ ಕೊನೆಗೆ ಗೆಳೆಯ ಒಂದು ಹಾಳೆ ತಗೊಂಡು ಸುಮ್ನೆ ಕೂಡಿಸಿ ಕಳೆದ. ಎಫ್‌ಎಂ ಬ್ಯಾಂಡ್ 88ರಿಂದ 108. ಎರಡು ಸ್ಟೇಷನ್ ಕೂಡಿಸಿದ್ರೆ ಕನಿಷ್ಠ 176, ಕಳೆದ್ರೆ ಗರಿಷ್ಠ 20. ಒಂದರ ಎರಡರಷ್ಟರಲ್ಲಿ ಇನ್ನೊಂದು ಕಳೆದ್ರೆ ಹೆಚ್ಚು ಅಂದ್ರೆ 108ರ ಎರಡರಷ್ಟು ಮೈನಸ್ 88, ಅಂದ್ರೆ 128. ಎರಡನೇ ದರ್ಜೆ ಮೂರನೇ ದರ್ಜೆ ಎರಡರಲ್ಲೂ ಎಫ್‌ಎಂ ಸ್ಟೇಷನ್‌ಗಳು ತಮ್ಮಷ್ಟಕ್ಕೆ ಸೇರ್ಕೊಂಡು 145.8 ಮುಟ್ಟೋಕೆ ಆಗೋದೇ ಇಲ್ಲ. ಐದು ನಿಮಿಷದ ಲೆಕ್ಕ, ಇದನ್ನ ಮೊದಲ ದಿನವೇ ಮಾಡ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ.

ಒಂದು ಸಂದು ಮಾತ್ರ ಉಳೀತು. 128ರ ತನಕ ಬರೋದು ನಿಜ ಅಂದ್ಮೇಲೆ 124.4ಕ್ಕೆ, ಅಂದ್ರೆ ನಮ್ಮ ಇಮೇಜ್ ಮೇಲೆ, ಬಂದು ಕೂರಬಹುದಲ್ವಾ? ಎಲ್‌ಎನ್‌ಎಲ್ಲಿ ಹುಟ್ಟಿ ಇಮೇಜ್ ದಾರೀಲಿ ಒಳಗೆ ಬರಬಹುದು. ಇದನ್ನ ಬರೀ ಲೆಕ್ಕದಲ್ಲಿ ತಳ್ಳಿಹಾಕೋಕೆ ಆಗಲ್ಲ, ಅಳೆದೇ ನೋಡ್ಬೇಕು. ಹಾಗಾಗಿ ಎರಡು ಪರೀಕ್ಷೆ ಮಾಡಿದ್ವಿ, ಇಡೀ ಪ್ರಕರಣ ಬಗೆಹರಿದಿದ್ದು ಆ ಎರಡರಿಂದಲೇ. ಬೇಕಾಗಿದ್ದು ಒಂದು 10 ಡಿಬಿ ಅಟೆನ್ಯುಯೇಟರ್ (ಸಿಗ್ನಲ್‌ನ ಗೊತ್ತಾದಷ್ಟು ಇಳಿಸೋದು, ಪ್ಯಾಡ್ ಅಂತಲೂ ಅಂತಾರೆ) ಮತ್ತೆ ಕೈಯಲ್ಲಿ ಹಿಡಿಯೋ ಸಣ್ಣ ಸ್ಪೆಕ್ಟ್ರಮ್ ಅನಲೈಸರ್, ನಮ್ಮ ಹತ್ರ ಇದ್ದಿದ್ದು ಟೈನಿಎಸ್‌ಎ.

ಮೊದಲ ಪರೀಕ್ಷೆ ಎಲ್‌ಓ ಸರಿಸೋದು. ಕ್ರಿಸ್ಟಲ್ ಫಿಲ್ಟರ್ ಬಿಚ್ಚಿ ಮಿಕ್ಸರ್ ಔಟ್‌ಪುಟ್‌ನ ನೇರವಾಗಿ ಅನಲೈಸರ್‌ಗೆ ಕೊಟ್ವಿ, ಆಂಟೆನಾ ಜೊತೆಗೆ ಜನರೇಟರಿಂದ 145.8ರಲ್ಲಿ ಒಂದು ಸಣ್ಣ ಟೆಸ್ಟ್ ಸಿಗ್ನಲ್ಲೂ ಹಾಕಿದ್ವಿ. ಈಗ ಎಲ್‌ಓನ 10 ಕಿಲೋಹರ್ಟ್ಝ್ ಮೇಲಕ್ಕೆ ಸರಿಸಿದ್ರೆ ಟೆಸ್ಟ್ ಸಿಗ್ನಲ್ ಐಎಫ್‌ನಲ್ಲಿ 10 ಕೆಳಗೆ ಬರ್ಬೇಕು, ಬಂತು. ತೊಂದ್ರೆ ಕೊಡ್ತಿರೋದು ಇಮೇಜ್ ಕಡೆಯಿಂದ ಬರ್ತಿದ್ರೆ ಅದು 10 ಮೇಲಕ್ಕೆ ಹೋಗ್ಬೇಕು. ಅದು ಹೋಗಲಿಲ್ಲ. ಕೆಳಗೇ ಬಂತು, ಅದೂ 10 ಅಲ್ಲ, 20 ಕಿಲೋಹರ್ಟ್ಝ್! ನಾನು ಎರಡು ಸಲ ಮತ್ತೆ ಮಾಡಿ ನೋಡ್ದೆ, ಹಾಡು ಬರ್ತಿರೋವಾಗ ಆ ಗುಡ್ಡೆ ಅಗಲವಾಗಿ ಅಲ್ಲಾಡ್ತಿರುತ್ತೆ ಅಂತ ಮ್ಯಾಕ್ಸ್ ಹೋಲ್ಡ್ (ಮುಟ್ಟಿದ ಗರಿಷ್ಠ ಮಟ್ಟನ ಹಿಡಿದಿಡೋದು) ಹಾಕಿ, ಪ್ರತಿ ಸಲ ಅಳಿಸಿ ಹೊಸದಾಗಿ ತಗೊಂಡು. ಇಪ್ಪತ್ತೇ. ಎಲ್‌ಓ ಒಂದು ಹೆಜ್ಜೆ ಇಟ್ರೆ ಅದು ಎರಡು ಹೆಜ್ಜೆ ಇಡ್ತಿದೆ ಅಂದ್ರೆ ಅದರಲ್ಲಿ ಸೇರಿರೋದು ಎಲ್‌ಓ ಅಲ್ಲ, ಎಲ್‌ಓನ ಎರಡರಷ್ಟು.

ಅಲ್ಲಿಂದ ಮುಂದೆ ತಾನಾಗೇ ಬಿಚ್ಕೊಂತು. ಎರಡು ಎಲ್‌ಓ ಅಂದ್ರೆ 270.2. ಅದಕ್ಕೆ 10.7 ಸೇರಿಸಿದ್ರೆ 280.9. ಅದನ್ನ ಮೂರರಿಂದ ಭಾಗಿಸಿದ್ರೆ 93.63. ನಮ್ಮ ಸ್ಟೇಷನ್ 93.6. ಅಂದ್ರೆ ಮಿಕ್ಸರ್ ಒಳಗೆ ಆ ಸ್ಟೇಷನ್‌ನ ಮೂರನೇ ಹಾರ್ಮಾನಿಕ್ಕೂ (ಫ್ರೀಕ್ವೆನ್ಸಿಯ ಮೂರರಷ್ಟು) ಎಲ್‌ಓನ ಎರಡನೇ ಹಾರ್ಮಾನಿಕ್ಕೂ ಸೇರಿ 280.8 ಮೈನಸ್ 270.2, 10.6 ಮೆಗಾಹರ್ಟ್ಝ್‌ನಲ್ಲಿ ಬಂದು ಕೂತಿದೆ. ಮಿಕ್ಸರ್ ಪುಸ್ತಕದಲ್ಲಿ ಇದನ್ನ ಮೂರು-ಎರಡು ಸ್ಪರ್ ಅಂತಾರೆ, ಸ್ಪರ್ ಅಂದ್ರೆ ಬೇಡದೆ ಹುಟ್ಟೋ ಸಿಗ್ನಲ್. ಮಿಕ್ಸರ್ ಬರೀ ಒಂದು ವ್ಯವಕಲನ ಮಾಡಿ ಸುಮ್ನಿರಲ್ಲ, ಒಳಗೆ ಬಂದಿದ್ದರ ಒಂದರಷ್ಟು ಎರಡರಷ್ಟು ಮೂರರಷ್ಟು, ಎಲ್‌ಓನ ಒಂದರಷ್ಟು ಎರಡರಷ್ಟು ಮೂರರಷ್ಟು, ಇವುಗಳ ಎಲ್ಲಾ ಕೂಡು ಕಳೆಯನ್ನೂ ಚೂರು ಚೂರು ಮಾಡ್ತಾನೇ ಇರುತ್ತೆ. ಅವುಗಳಲ್ಲಿ ಯಾವುದು ಐಎಫ್ ಮೇಲೆ ಬೀಳುತ್ತೋ ಅದು ನಮಗೆ ಕೇಳುತ್ತೆ.

10.6ಕ್ಕೂ 10.7ಕ್ಕೂ 100 ಕಿಲೋಹರ್ಟ್ಝ್ ವ್ಯತ್ಯಾಸ ಇದ್ಯಲ್ಲ, 15 ಕಿಲೋಹರ್ಟ್ಝ್ ಕಿಂಡಿಯಲ್ಲಿ ಅದು ಹೇಗೆ ತೂರಿತು ಅಂತ ಕೇಳಿದ್ರೆ, ನನಗೆ ಇಡೀ ಪ್ರಕರಣದಲ್ಲಿ ತುಂಬಾ ಹಿಡಿಸಿದ ಭಾಗ ಇದೇ. ಎಫ್‌ಎಂ ಬ್ರಾಡ್‌ಕಾಸ್ಟ್‌ನಲ್ಲಿ ಡೀವಿಯೇಷನ್, ಅಂದ್ರೆ ಸದ್ದಿಗೆ ತಕ್ಕ ಹಾಗೆ ಫ್ರೀಕ್ವೆನ್ಸಿ ಆಚೀಚೆ ತೂಗೋದು, ಗರಿಷ್ಠ 75 ಕಿಲೋಹರ್ಟ್ಝ್. ಫ್ರೀಕ್ವೆನ್ಸಿ ಮೂರರಷ್ಟಾದಾಗ ಡೀವಿಯೇಷನ್ನೂ ಮೂರರಷ್ಟಾಗುತ್ತೆ, 225 ಕಿಲೋಹರ್ಟ್ಝ್. ಹಾಡು ಮೆಲ್ಲಗಿದ್ದಾಗ ಆ ಸ್ಪರ್ 10.6ರ ಸುತ್ತಲೇ ಇರುತ್ತೆ, ನಮಗೇನೂ ಕೇಳಲ್ಲ. ಡ್ರಮ್ ಏಟು ಬಿದ್ದ ತಕ್ಷಣ ಅದು ಜೋರಾಗಿ ತೂಗಿ 10.7ರ ಕಿಂಡಿ ಮುಂದೆ ಸರ್ರಂತ ಹಾದು ಹೋಗುತ್ತೆ, ಆ ಕ್ಷಣದಲ್ಲಿ ಒಂದು ಚಟ್. ಅದಕ್ಕೇ ತಾಳ ಕೇಳ್ತಿತ್ತು, ಹಾಡು ಕೇಳ್ತಿರಲಿಲ್ಲ. ಚಿತ್ರದಲ್ಲಿದ್ದ ಬಿಳಿ ಗೀರು ಒಂದೊಂದೂ ಒಂದೊಂದು ಡ್ರಮ್ ಏಟು.

ಲೆಕ್ಕ ನಿಜ ಆಗಿದ್ರೆ ಅದು ಮುಂಚೇನೇ ಕೆಲವು ವಿಷಯ ಹೇಳ್ಬೇಕಲ್ವಾ, ಅದನ್ನೂ ನೋಡಿದ್ವಿ. ಎಲ್‌ಓನ 135.05ಕ್ಕೆ ಇಳಿಸಿದ್ರೆ, ಅಂದ್ರೆ ಡಯಲ್‌ನಲ್ಲಿ 145.75ಕ್ಕೆ ಬಂದ್ರೆ, ಸ್ಪರ್ ಸರಿಯಾಗಿ 10.7ರ ನಡುಮಧ್ಯೆ ಬೀಳ್ಬೇಕು. ಬಂದ್ವಿ. ಹಾಡು ಪೂರ್ತಿ ಚಿಂದಿ ಚಿಂದಿಯಾಗಿ ಕೇಳಿಸ್ತು, ನಿರೂಪಕಿ ಮಾತಾಡೋವಾಗ ಪ್ರತಿ ಅಕ್ಷರ ಒಡೆದು ಕರಕರ ಅಂತಿತ್ತು, ಆದ್ರೆ ಆಕೆ ಉಸಿರು ತಗೊಳ್ಳೋ ಆ ಸಣ್ಣ ಗ್ಯಾಪಲ್ಲಿ ಹೆಡ್‌ಫೋನ್ ಪೂರ್ತಿ ನಿಶ್ಶಬ್ದ ಆಗ್ಬಿಡ್ತಿತ್ತು, ಹಿಸ್ ಕೂಡ ಇಲ್ಲ. ಕ್ಯಾರಿಯರ್ ಬಂದು ಕಿಂಡಿ ಮಧ್ಯೆ ನಿಂತಿದೆ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ? ಇನ್ನೊಂದು: ಎರಡು ಎಲ್‌ಓ ಮೈನಸ್ ಮೂರು ಸ್ಟೇಷನ್ ಕೂಡ 10.7 ಆಗಬಹುದು, ಅದಕ್ಕೆ ಎಲ್‌ಓ 145.75 ಇರ್ಬೇಕು. ನಾವು ಎಂದೂ ಬಳಸದ ಜಾಗ ಅದು. ಕೋಡಲ್ಲಿ ನಂಬರ್ ಬದಲಾಯಿಸಿ ಎಂಟರ್ ಒತ್ತಿದ್ರೆ, ಅದೇ ನಿರೂಪಕಿ, ಅದೇ ಒಡೆದ ದನಿ. ಗೆಳೆಯ ಕುರ್ಚಿಯಿಂದ ಎದ್ದೇಬಿಟ್ಟ.

ಎರಡನೇ ಪರೀಕ್ಷೆ ಅಟೆನ್ಯುಯೇಟರ್‌ದು. ಇದು ಹುಟ್ಟಿದ ಜಾಗ ತೋರಿಸುತ್ತೆ. ಮೂರನೇ ಹಾರ್ಮಾನಿಕ್ ಸೇರಿರೋ ಸ್ಪರ್‌ಗೆ ಒಂದು ಗುಣ ಇದೆ, ಒಳಗೆ ಬರೋದನ್ನ 1 ಡಿಬಿ ಇಳಿಸಿದ್ರೆ ಅದು 3 ಡಿಬಿ ಇಳಿಯುತ್ತೆ. 10 ಡಿಬಿ ಪ್ಯಾಡ್‌ನ ಎಲ್‌ಎನ್‌ಎಗೂ ಮಿಕ್ಸರ್‌ಗೂ ಮಧ್ಯೆ ಹಾಕಿ ನೋಡಿದ್ವಿ. ಮೂರರಷ್ಟು ಆಗ್ತಿರೋದು ಎಲ್‌ಎನ್‌ಎ ಒಳಗೆ ಆಗಿದ್ರೆ ಪ್ಯಾಡ್ ಅದಾದ್ಮೇಲೆ ಇರೋದ್ರಿಂದ ಸ್ಪರ್ ಬರೀ 10 ಡಿಬಿ ಇಳೀಬೇಕು. ಮಿಕ್ಸರ್ ಒಳಗೆ ಆಗಿದ್ರೆ 30. ಟೆಸ್ಟ್ ಸಿಗ್ನಲ್ 10 ಡಿಬಿ ಇಳೀತು, ಸ್ಪರ್ ಐಎಫ್ ಆಂಪ್ಲಿಫೈಯರ್ ನಂತರ ಮೈನಸ್ 62 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ) ಇದ್ದಿದ್ದು ಮೈನಸ್ 91ಕ್ಕೆ ಬಂತು. 29 ಡಿಬಿ. ಎಲ್‌ಎನ್‌ಎ ನಿರಪರಾಧಿ, ಒಂದು ವಾರ ಅದನ್ನ ಸುಮ್ಮನೆ ಕಾಡಿದ್ವಿ.

ಹಾಗಾದ್ರೆ ಮಿಕ್ಸರ್ ಕೆಟ್ಟದ್ದಾ? ಇಲ್ಲ. ಡಬಲ್ ಬ್ಯಾಲೆನ್ಸ್ಡ್ ಮಿಕ್ಸರ್‌ನಲ್ಲಿ ಎಲ್‌ಓನ ಸಮ ಸಂಖ್ಯೆಯ ಹಾರ್ಮಾನಿಕ್ ಸೇರಿದ ಸ್ಪರ್‌ಗಳು ಸಹಜವಾಗೇ ತುಂಬಾ ಕೆಳಗಿರ್ತವೆ, ನಾಲ್ಕು ಡಯೋಡು ಒಂದಕ್ಕೊಂದು ರದ್ದು ಮಾಡ್ಕೊಳ್ತವೆ. ಅದಕ್ಕೇ ಅಲ್ವಾ ಅದನ್ನ ಆರಿಸಿದ್ದು. ಆ ರದ್ದತಿ ಕೆಲಸ ಮಾಡ್ತಿಲ್ಲ ಅಂದ್ರೆ ಎಲ್‌ಓ ಕಡೆ ನೋಡ್ಬೇಕು. ನೋಡಿದ್ವಿ. ಮಿಕ್ಸರ್‌ದು ಲೆವೆಲ್ 7, ಅಂದ್ರೆ ಅದರ ಎಲ್‌ಓ ಪೋರ್ಟ್‌ಗೆ ಪ್ಲಸ್ 7 ಡಿಬಿಎಂ ಕೊಡ್ಬೇಕು. ಕೇಬಲ್ ಬಿಚ್ಚಿ ಅದೇ ತುದೀಲಿ ಅಳೆದ್ರೆ ಮೈನಸ್ 1 ಡಿಬಿಎಂ. ಎಸ್‌ಐ5351ರ ಔಟ್‌ಪುಟ್ ಡ್ರೈವ್ 2, 4, 6, 8 ಮಿಲಿ ಆಂಪಿಯರ್ ಅಂತ ನಾಲ್ಕು ಹಂತದಲ್ಲಿ ಇಡಬಹುದು, ಕೋಡಲ್ಲಿ ಅದು 2ರಲ್ಲೇ ಇತ್ತು. ಮೇಲಿಂದ ಬೆಂಚ್ ಟೆಸ್ಟ್ ಕಾಲದ 3 ಡಿಬಿ ಪ್ಯಾಡ್ ಒಂದು ಅಲ್ಲೇ ಉಳ್ಕೊಂಡಿತ್ತು. ಜೊತೆಗೆ ಎಲ್‌ಓನ ಎರಡನೇ ಹಾರ್ಮಾನಿಕ್ ಮೂಲ ಸಿಗ್ನಲ್‌ಗಿಂತ 22 ಡಿಬಿ ಮಾತ್ರ ಕೆಳಗಿತ್ತು. ಸ್ಕ್ವೇರ್ ವೇವ್ ಸರಿಯಾಗಿ ಅರ್ಧ ಅರ್ಧ ಇದ್ರೆ ಸಮ ಹಾರ್ಮಾನಿಕ್ ಇರೋದೇ ಇಲ್ಲ, ಅದರ ಡ್ಯೂಟಿ ಸೈಕಲ್ ಸ್ವಲ್ಪ ವಾಲಿದ್ರೂ ಎರಡರಷ್ಟು ಎದ್ದು ಬರುತ್ತೆ.

ಪ್ಲಸ್ 7ಕ್ಕೂ ಮೈನಸ್ 1ಕ್ಕೂ ವ್ಯತ್ಯಾಸ 8 ಡಿಬಿ ತಾನೇ, ಸಿಗ್ನಲ್ ಹೇಗೂ ಕೇಳ್ತಿದೆಯಲ್ಲ ಅಂತ ತುಂಬಾ ಜನ ಬಿಟ್ಬಿಡ್ತಾರೆ. ದಯವಿಟ್ಟು ವೋಲ್ಟೇಜಿಗೆ ತಿರುಗಿಸಿ ನೋಡಿ. 50 ಓಮ್‌ನಲ್ಲಿ ಪ್ಲಸ್ 7 ಡಿಬಿಎಂ ಅಂದ್ರೆ ಪೀಕ್ ಸುಮಾರು 0.7 ವೋಲ್ಟ್. ಮೈನಸ್ 1 ಅಂದ್ರೆ 0.28. ಶಾಟ್ಕಿ ಡಯೋಡ್ ಬಾಗಿಲು ತೆಗೆಯೋಕೆ ಶುರು ಮಾಡೋದೇ ಸ್ಥೂಲವಾಗಿ 0.2, 0.3 ವೋಲ್ಟ್ ಹತ್ರ. ಅಂದ್ರೆ ನಮ್ಮ ಎಲ್‌ಓ ಡಯೋಡನ್ನ ಪೂರ್ತಿ ಆನ್ ಮಾಡ್ತಾನೇ ಇರಲಿಲ್ಲ, ಹೊಸ್ತಿಲ ಮೇಲೆ ತಂದು ನಿಲ್ಲಿಸ್ತಿತ್ತು ಅಷ್ಟೆ. ಅದೇ ಹೊತ್ತಲ್ಲಿ ಆ ಎಫ್‌ಎಂ ಸ್ಟೇಷನ್ ಮಿಕ್ಸರ್ ಬಾಯಿಗೆ ಬರ್ತಿದ್ದಿದ್ದು ಮೈನಸ್ 18 ಡಿಬಿಎಂ, ಪೀಕ್ 40 ಮಿಲಿವೋಲ್ಟ್. ಗಟ್ಟಿಯಾದ 0.7 ವೋಲ್ಟ್ ಮುಂದೆ 40 ಮಿಲಿವೋಲ್ಟ್ ಏನೂ ಅಲ್ಲ. ಹೊಸ್ತಿಲ ಮೇಲೆ ತೂಕಡಿಸ್ತಾ ನಿಂತಿರೋ ಡಯೋಡಿಗೆ ಮಾತ್ರ ಅಷ್ಟು ತಳ್ಳು ಸಾಕು, ಯಾವ ಕ್ಷಣದಲ್ಲಿ ಆನ್ ಆಗ್ಬೇಕು ಆಫ್ ಆಗ್ಬೇಕು ಅನ್ನೋದನ್ನ ಆ ಸ್ಟೇಷನ್ನೂ ಸ್ವಲ್ಪ ನಿರ್ಧಾರ ಮಾಡೋಕೆ ಶುರು ಮಾಡುತ್ತೆ. ಮೇಲೆ ಹೇಳಿದ್ನಲ್ಲ, ಸ್ವಿಚ್ಚು ಎಲ್‌ಓ ಕೈ ತಪ್ಪೋದು ಅಂದ್ರೆ ಇದೇ. ಹಾರ್ಮಾನಿಕ್ ಹುಟ್ಟೋದು ಅಲ್ಲೇ.

ಇನ್ನು ಮೈನಸ್ 18 ಡಿಬಿಎಂ ಮಿಕ್ಸರ್ ತನಕ ಬಂದಿದ್ದು ಹೇಗೆ? ಬ್ಯಾಂಡ್‌ಪಾಸ್ ಫಿಲ್ಟರ್‌ನ ನ್ಯಾನೋವಿಎನ್‌ಎಗೆ (ಫಿಲ್ಟರ್ ಯಾವ ಫ್ರೀಕ್ವೆನ್ಸಿನ ಎಷ್ಟು ಬಿಡುತ್ತೆ ಅಂತ ಅಳೆಯೋ ಸಣ್ಣ ಉಪಕರಣ) ಹಾಕಿ ನೋಡಿದ್ವಿ. 145.8ರಲ್ಲಿ ನಷ್ಟ 1.5 ಡಿಬಿ, ಬಹಳ ಚೆನ್ನಾಗಿದೆ. 93.6ರಲ್ಲಿ ತಡೆ 14 ಡಿಬಿ ಮಾತ್ರ, ಡಿಸೈನ್ ಪ್ರಕಾರ 40 ಇರ್ಬೇಕಿತ್ತು. ಎರಡು ಕಾಯಿಲ್ ಒಂದರ ಪಕ್ಕ ಒಂದು, ಮಧ್ಯೆ ಗೋಡೆ ಇಲ್ಲ, ಒಂದಕ್ಕೊಂದು ನೇರವಾಗಿ ಮಾತಾಡ್ಕೊಳ್ತಿದ್ವು. ಫಿಲ್ಟರ್ ಕಟ್ಟಿದಾಗ ನಾವು ಅಳೆದಿದ್ದು ಪಾಸ್‌ಬ್ಯಾಂಡ್ ಮಾತ್ರ. ಬೇಕಾದ್ದು ಹಾದು ಹೋಗುತ್ತಾ ಅಂತ ನೋಡಿದ್ವಿ, ಬೇಡದ್ದು ನಿಲ್ಲುತ್ತಾ ಅಂತ ನೋಡಿರಲಿಲ್ಲ.

ರಿಪೇರಿ ಒಂದೊಂದೇ ಮಾಡಿ ಪ್ರತಿ ಸಲ ಅಳೆದ್ವಿ, ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದು ಎಷ್ಟು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಮೊದ್ಲು ಎಲ್‌ಓ. ಡ್ರೈವ್ 8 ಮಿಲಿ ಆಂಪಿಯರ್‌ಗೆ ಏರಿಸಿ, ಒಂದು ಎಂಎಂಐಸಿ (ಒಂದೇ ಚಿಪ್‌ನ) ಆಂಪ್ಲಿಫೈಯರ್ ಹಾಕಿ, ಅದಾದ್ಮೇಲೆ ಲೋಪಾಸ್ ಫಿಲ್ಟರ್ ಹಾಕಿದ್ವಿ. ಆಂಪ್ಲಿಫೈಯರ್ ತಾನೂ ಎರಡನೇ ಹಾರ್ಮಾನಿಕ್ ಹುಟ್ಟಿಸುತ್ತೆ, ಅದಕ್ಕೆ ಫಿಲ್ಟರ್ ಅದರ ನಂತರವೇ ಇರ್ಬೇಕು. ಕೊನೆಗೆ 3 ಡಿಬಿ ಪ್ಯಾಡ್, ಅದು ಮಿಕ್ಸರ್‌ಗೆ ಒಳ್ಳೆ 50 ಓಮ್ ತೋರ್ಸೋಕೆ. ಮಿಕ್ಸರ್ ಪೋರ್ಟಲ್ಲಿ ಪ್ಲಸ್ 7.5 ಬಂತು. ಸ್ಪರ್ 19 ಡಿಬಿ ಇಳೀತು. ಬೇಕಾದ ಸಿಗ್ನಲ್ 3 ಡಿಬಿ ಮೇಲೇ ಬಂತು, ಯಾಕಂದ್ರೆ ಹಸಿದ ಮಿಕ್ಸರ್‌ನಲ್ಲಿ ಕನ್ವರ್ಷನ್ ಲಾಸ್ ಒಂಬತ್ತೂವರೆ ಇದ್ದಿದ್ದು ಆರೂವರೆಗೆ ಬಂದಿತ್ತು.

ಎರಡನೇದು ಮಿಕ್ಸರ್‌ನ ಐಎಫ್ ಕಡೆ. ಇದನ್ನ ಜಾಸ್ತಿ ಜನ ಯೋಚನೆನೇ ಮಾಡಲ್ಲ. ಕ್ರಿಸ್ಟಲ್ ಫಿಲ್ಟರ್ 10.7ರಲ್ಲಿ ಮಾತ್ರ 50 ಓಮ್ ಥರ ಕಾಣುತ್ತೆ, ಉಳಿದ ಫ್ರೀಕ್ವೆನ್ಸಿಗೆಲ್ಲಾ ಅದು ಗೋಡೆ. ಮಿಕ್ಸರ್ ವ್ಯತ್ಯಾಸದ ಜೊತೆಗೆ 280.9ರಲ್ಲಿ ಮೊತ್ತವನ್ನೂ ಅಷ್ಟೇ ಜೋರಾಗಿ ಹೊರಗೆ ಹಾಕುತ್ತೆ, ಅದು ಗೋಡೆಗೆ ಬಡಿದು ವಾಪಸ್ ಡಯೋಡ್‌ಗಳಿಗೇ ಬಂದು ಮತ್ತೆ ಮಿಕ್ಸ್ ಆಗುತ್ತೆ, ಬ್ಯಾಲೆನ್ಸ್ ಕೆಡುತ್ತೆ. ಮಧ್ಯೆ ಒಂದು ಡಿಪ್ಲೆಕ್ಸರ್ ಹಾಕಿದ್ವಿ. 10.7ಕ್ಕೆ ಟ್ಯೂನ್ ಆದ ಸೀರೀಸ್ ಎಲ್‌ಸಿ ಬೇಕಾದ್ದನ್ನ ನೇರ ಮುಂದೆ ಕಳಿಸುತ್ತೆ. ಅದರ ಮೇಲೆ ಸೇತುವೆ ಥರ ಎರಡು 51 ಓಮ್ ರೆಸಿಸ್ಟರ್, ಅವೆರಡರ ನಡುವಿಂದ ಗ್ರೌಂಡ್‌ಗೆ ಪ್ಯಾರಲಲ್ ಎಲ್‌ಸಿ. ಬೇಡದ ಫ್ರೀಕ್ವೆನ್ಸಿ ಆ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಮುಗಿದು ಹೋಗುತ್ತೆ, ವಾಪಸ್ ಬರಲ್ಲ. ಕ್ಯೂ 1 ಇಟ್ಕೊಂಡ್ರೆ ಎರಡೂ ಕಡೆ ಒಂದೇ ಬೆಲೆಗಳು, ಇಂಡಕ್ಟರ್ 0.74 ಮೈಕ್ರೋಹೆನ್ರಿ, ಕೆಪಾಸಿಟರ್ 297 ಪಿಕೋಫ್ಯಾರಡ್, ನಾವು 300 ಹಾಕಿದ್ವಿ. ಸ್ಪರ್ ಇನ್ನೂ 4 ಡಿಬಿ ಇಳೀತು. ನಂಬರ್ ಚಿಕ್ಕದು, ಆದ್ರೆ ಐಎಫ್ ಕೇಬಲ್ ಉದ್ದ ಬದಲಾಯಿಸಿದಾಗೆಲ್ಲಾ ಗೇನ್ ಏರಿಳಿತ ಆಗ್ತಿದ್ದ ಹಳೇ ಕಾಟವೊಂದು ಅದರ ಜೊತೆಗೇ ಹೋಯ್ತು.

ಮೂರನೇದು ಫಿಲ್ಟರ್, ನಿಜವಾದ ಗೆಲುವು ಇಲ್ಲಿ. ತಾಮ್ರದ ತಗಡು ಕತ್ತರಿಸಿ ಕಾಯಿಲ್‌ಗಳ ಮಧ್ಯೆ ಗೋಡೆ ನಿಲ್ಲಿಸಿ, ಸುತ್ತಲೂ ಬೋರ್ಡಿಗೆ ಬೆಸುಗೆ ಹಾಕಿ ಮತ್ತೆ ಟ್ಯೂನ್ ಮಾಡಿದ್ವಿ. 93.6ರಲ್ಲಿ ತಡೆ 14ರಿಂದ 40 ಡಿಬಿ ಆಯ್ತು, 26 ಡಿಬಿ ಲಾಭ. ಮೂರನೇ ದರ್ಜೆ ಸ್ಪರ್‌ಗೆ ಇದು ಮೂರರಷ್ಟು, 78 ಡಿಬಿ. ಅಳೆಯೋಕೆ ಏನೂ ಉಳೀಲಿಲ್ಲ, ಅನಲೈಸರ್ ನಾಯ್ಸ್ ಕೆಳಗೆ ಎಲ್ಲೋ ಮುಳುಗಿ ಹೋಗಿತ್ತು. ಇಷ್ಟು ಆದ್ಮೇಲೂ ಎಲ್‌ಎನ್‌ಎ ಮುಂದೆ ಒಂದು ಎಫ್‌ಎಂ ಬ್ಯಾಂಡ್ ನಾಚ್ (ಆ ಬ್ಯಾಂಡನ್ನ ಮಾತ್ರ ತಡೆಯೋ ಫಿಲ್ಟರ್) ಹಾಕಿದ್ವಿ, ಅದರ ನಷ್ಟ 0.7 ಡಿಬಿ. ಎಲ್‌ಎನ್‌ಎ ಮುಂದೆ ಕಳ್ಕೊಳ್ಳೋ ಪ್ರತಿ ಡಿಬಿ ನೇರವಾಗಿ ನಾಯ್ಸ್ ಫಿಗರ್‌ಗೆ (ರಿಸೀವರ್ ತಾನೇ ಎಷ್ಟು ನಾಯ್ಸ್ ಸೇರಿಸುತ್ತೆ ಅನ್ನೋ ಅಳತೆಗೆ) ಸೇರುತ್ತೆ ಅನ್ನೋದು ನಿಜ. ಗೆಳೆಯ ಇದಕ್ಕೆ ಒಪ್ಪಲಿಲ್ಲ, ಚೆನ್ನಾಗಿರೋ ರಿಸೀವರ್‌ನ ಕಿವುಡು ಮಾಡ್ತಿದ್ದೀಯ ಅಂದ. ಹಾಳೆ ಮೇಲೆ ಒಟ್ಟು ನಾಯ್ಸ್ ಲೆಕ್ಕ ಹಾಕೋ ಫ್ರಿಸ್ ಸೂತ್ರ ಹಾಕಿ ತೋರಿಸ್ದೆ: ನಾಚ್ ಇಲ್ಲದೆ ನಾಯ್ಸ್ ಫಿಗರ್ ಒಂದೂವರೆ ಡಿಬಿ, ಹಾಕಿದ್ರೆ ಎರಡು ಕಾಲು. 145 ಮೆಗಾಹರ್ಟ್ಝ್‌ನಲ್ಲಿ ಜನ ವಾಸ ಮಾಡೋ ಕಡೆ ಆಂಟೆನಾನೇ ಹಿಡ್ಕೊಂಡು ಬರೋ ನಾಯ್ಸ್ ಇದಕ್ಕಿಂತ ಜಾಸ್ತಿ ಇರುತ್ತೆ, ಆ ಮುಕ್ಕಾಲು ಡಿಬಿ ಕಿವಿಗೆ ಗೊತ್ತಾಗಲ್ಲ. ನಾಚ್ ಉಳ್ಕೊಂತು.

ಇಲ್ಲಿ ಒಂದು ಮಾತು ಸೇರಿಸ್ಬೇಕು. ನಾವು ಡಯೋಡ್ ಮಿಕ್ಸರ್ ಬದ್ಲು ಎನ್‌ಇ602 ಥರದ ಗಿಲ್ಬರ್ಟ್ ಸೆಲ್ ಚಿಪ್ ಹಾಕಿದ್ರೆ ಎಲ್‌ಓ ಪವರ್ ಸಮಸ್ಯೆನೇ ಬರ್ತಿರಲಿಲ್ಲ, ಅದಕ್ಕೆ ಸಣ್ಣ ಡ್ರೈವ್ ಸಾಕು, ನಷ್ಟದ ಬದ್ಲು ಗೇನ್ ಬೇರೆ ಕೊಡುತ್ತೆ. ಬ್ಯಾರಿ ಗಿಲ್ಬರ್ಟ್ 1968ರಲ್ಲಿ ಪ್ರಕಟಿಸಿದ ಆ ಸರ್ಕ್ಯೂಟ್ ಮೇಲೆ ಎಷ್ಟೋ ರೇಡಿಯೋ ಚಿಪ್ ನಿಂತಿವೆ, ಅದರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಜೋರಾದ ಸಿಗ್ನಲ್ ತಡ್ಕೊಳ್ಳೋ ಶಕ್ತಿ ಆ ಚಿಪ್‌ಗೆ ಕಡಿಮೆ, ಅದರ ಇನ್‌ಪುಟ್ ಥರ್ಡ್ ಆರ್ಡರ್ ಇಂಟರ್‌ಸೆಪ್ಟ್ ಮೈನಸ್ 15 ಡಿಬಿಎಂ ಹತ್ರ, ಲೆವೆಲ್ 7 ಡಯೋಡ್ ರಿಂಗ್‌ದು ಪ್ಲಸ್ ಹತ್ತಕ್ಕಿಂತ ಮೇಲೆ. 20 ಡಿಬಿ ಎಲ್‌ಎನ್‌ಎ ಹಿಂದೆ, ಪಕ್ಕದಲ್ಲೇ ಎಫ್‌ಎಂ ಟವರ್ ಇಟ್ಕೊಂಡು, ನಾನಂತೂ ಡಯೋಡನ್ನೇ ಹಾಕ್ತೀನಿ. ಸರಿಯಾಗಿ ಎಲ್‌ಓ ಕೊಟ್ಟು.

ಫ್ರೀಕ್ವೆನ್ಸಿ ಪ್ಲಾನ್ ಬದಲಾಯಿಸಿದ್ರೆ ಹೇಗೆ ಅಂತಲೂ ನೋಡಿದ್ವಿ. ಎಲ್‌ಓನ ಮೇಲೆ ಇಟ್ಟು 156.5 ಮಾಡಿದ್ರೆ ಇದೇ ಮೂರು-ಎರಡು ಸ್ಪರ್ 100.77ಕ್ಕೂ 107.9ಕ್ಕೂ ಹೋಗುತ್ತೆ. ಐಎಫ್‌ನ 21.4 ಮಾಡಿ ಎಲ್‌ಓ 124.4 ಇಟ್ರೆ 90.07ಕ್ಕೆ ಬರುತ್ತೆ. ಎಲ್ಲೇ ಹೋದ್ರೂ ಎಫ್‌ಎಂ ಬ್ಯಾಂಡ್ ಒಳಗೇ ಬೀಳ್ತಿದೆ, ಪ್ರಶ್ನೆ ಇರೋದು ಆ ಜಾಗದಲ್ಲಿ ನಿಮಗೆ ಹತ್ತಿರದ ಸ್ಟೇಷನ್ ಇದ್ಯಾ ಇಲ್ವಾ ಅನ್ನೋದು ಮಾತ್ರ. ರಿಸೀವರ್ ಕಟ್ಟೋ ಮುಂಚೆ ಎಲ್‌ಓ ಒಂದರಿಂದ ಮೂರರಷ್ಟು, ಸಿಗ್ನಲ್ ಒಂದರಿಂದ ಮೂರರಷ್ಟು ಹಾಕಿ ಒಂದು ಒಂಬತ್ತು ಮನೆಯ ಚೌಕ ಬರ್ಕೊಂಡು, ಪ್ರತಿ ಮನೆಯಲ್ಲೂ ಐಎಫ್ ಮೇಲೆ ಬೀಳೋ ಫ್ರೀಕ್ವೆನ್ಸಿ ಯಾವುದು, ಅಲ್ಲಿ ಯಾರು ಜೋರಾಗಿ ಇದಾರೆ ಅಂತ ನೋಡೋಕೆ ಅರ್ಧ ಗಂಟೆ ಸಾಕು. ಆ ಚೌಕ ಈಗ ನಮ್ಮ ಬೆಂಚ್ ಮುಂದಿನ ಗೋಡೆ ಮೇಲೆ ಅಂಟಿಸಿದ್ದೀವಿ.

ರಿಪೇರಿ ಆದ್ಮೇಲೆ ಅಂತರಿಕ್ಷ ನಿಲ್ದಾಣ ಮತ್ತೆ ಹಾದು ಹೋಗೋ ಮುಂದಿನ ಪಾಸ್‌ಗೆ ಕಾದು ಕೂತ್ವಿ. ನಿಲ್ದಾಣ ವೇಗವಾಗಿ ಓಡ್ತಿರೋದ್ರಿಂದ ಆಗೋ ಡಾಪ್ಲರ್‌ನಿಂದ ಸಿಗ್ನಲ್ ಸುಮಾರು ಮೂರೂವರೆ ಕಿಲೋಹರ್ಟ್ಝ್ ಮೇಲೆ ಶುರುವಾಗಿ ಮೆಲ್ಲಗೆ ಕೆಳಗಿಳೀತಾ ಬಂತು, ಚಿತ್ರ ಒಂದು ಗೆರೆಯೂ ಪರಚದೆ ಪೂರ್ತಿ ಇಳೀತು. ಪಕ್ಕದ ರೇಡಿಯೋದಲ್ಲಿ 93.6 ಬೇಕು ಅಂತಲೇ ಜೋರಾಗಿ ಇಟ್ಟಿದ್ವಿ, ಡ್ರಮ್ ಬಾರಿಸ್ತಾನೇ ಇತ್ತು, ಹೆಡ್‌ಫೋನ್‌ನಲ್ಲಿ ಅದರ ಸುಳಿವೇ ಇಲ್ಲ.

ಉಳಿದಿರೋ ಕೆಲಸ ಒಂದಿದೆ. ಇಮೇಜ್, ಆ 124.4, ಹೊಸ ಫಿಲ್ಟರ್‌ನಲ್ಲೂ 22 ಡಿಬಿ ಮಾತ್ರ ತಡೀತಿದೆ, ಯಾಕಂದ್ರೆ ಅದು 93.6ರಷ್ಟು ದೂರ ಇಲ್ಲ. ಆಗೊಮ್ಮೆ ಈಗೊಮ್ಮೆ ಯಾವುದೋ ವಿಮಾನದ ದನಿ ಮಸುಕಾಗಿ ಬಂದು ಹೋಗುತ್ತೆ. ಅದಕ್ಕೆ ಇನ್ನೊಂದು ಸೆಕ್ಷನ್ ಫಿಲ್ಟರ್ ಬೇಕು, ಕಾಯಿಲ್ ಸುತ್ತಿಟ್ಟಿದ್ದೀವಿ, ಮಧ್ಯದ ತಗಡು ಈ ಸಲ ಮೊದಲೇ ಕತ್ತರಿಸಿದ್ದೀವಿ.